ಮಾವನ ಶೆಡ್ಡಿನಲ್ಲಿ ಓದಿದ ವರದಿ

ಸರಸ್ವತಿ ನಗರ, ದಾವಣಗೆರೆ
೧೨ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ತಂಗಿ ಸುಷ್ಮಾ,

ಹೇಗಿದ್ದೀಯೇ? ಬೆನ್ನು ನೋವು ಕಡಿಮೆಯಾಯಿತೇ? ಹೋದ ಸಲ ವಿಡಿಯೊ ಕಾಲಿನಲ್ಲಿ ನೀನು ಸೊಂಟದ ಹಿಂದೆ ದಿಂಬು ಸಿಕ್ಕಿಸಿಕೊಂಡು, ರಣರಂಗದಲ್ಲಿ ಬಾಣ ನೆಟ್ಟ ಮಹಾರಥಿಯ ಹಾಗೆ ಓರೆಯಾಗಿ ಕುಳಿತದ್ದನ್ನು ಕಂಡಾಗಿನಿಂದ ನನಗೆ ಸಮಾಧಾನವಿಲ್ಲ. ಲ್ಯಾಪ್‌ಟಾಪ್ ಮುಚ್ಚಿಟ್ಟು ದಿನಕ್ಕೊಮ್ಮೆಯಾದರೂ ನಡೆದು ಬಾ. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಭಾವನವರ ಸಕ್ಕರೆ ಹತೋಟಿಯಲ್ಲಿದೆ, ನಾಲಿಗೆ ಮಾತ್ರ ಇಲ್ಲ. ತನುಶ್ರೀ ಹತ್ತನೇ ತರಗತಿಯೆಂಬ ಕಿರೀಟ ಧರಿಸಿ ಮನೆ ತುಂಬ ಮಹಾರಾಣಿಯಂತೆ ಓಡಾಡುತ್ತಿದ್ದಾಳೆ. ಒಂದು ಲೋಟ ಎತ್ತಿಡು ಅಂದರೆ "ಓದಬೇಕು" ಅನ್ನುತ್ತಾಳೆ, ಓದು ಅಂದರೆ "ಹಸಿವು" ಅನ್ನುತ್ತಾಳೆ. ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ನಗಬೇಡ. ನಿನಗೇ ಗೊತ್ತಲ್ಲ, ಫೋನ್ ಕೈಗೆ ಬಂದರೆ ನನ್ನ ಗಂಟಲು ತಾನಾಗಿಯೇ ರಂಗದ ಮೇಲೆ ಹತ್ತಿಬಿಡುತ್ತದೆ. ಪಕ್ಕದ ಮನೆಯವರು ಕಿಟಕಿ ತೆರೆದು ಕೇಳುತ್ತಾರೆ. ಈ ಸಲದ ಮಾತು ಹಾಗೆ ಕೂಗಿ ಹೇಳುವಂಥದ್ದಲ್ಲ.

ನಿನ್ನ ಪ್ರಶ್ನೆಗೆ ಬರುತ್ತೇನೆ. ನಮ್ಮ ಕಾಂತರಾಜ್ ಸರ್ ನಿನ್ನನ್ನು ಕೆಲಸಕ್ಕೆ ಕರೆದಿದ್ದಾರೆ. ಪುಣೆಯ ಆ ದೊಡ್ಡ ಕನ್ಸಲ್ಟಿಂಗ್ ಕಂಪನಿ ಬಿಟ್ಟು ದಾವಣಗೆರೆಗೆ ಬರಲೋ ಬೇಡವೋ, ಸಣ್ಣ ಕಂಪನಿಯ ಒಳಿತು ಕೆಡುಕು ಒಂದನ್ನೂ ಮುಚ್ಚಿಡದೆ ಹೇಳು ಅಂತ ಕೇಳಿದ್ದೀಯ. ಹೇಳುತ್ತೇನೆ, ಕೇಳು! ನಿಮ್ಮದು ಗಾಜಿನ ಅರಮನೆ, ಕುತ್ತಿಗೆಗೆ ನೇತುಹಾಕಿಕೊಳ್ಳುವ ಕಾರ್ಡು ತೋರಿಸಿದರೆ ತಾನಾಗಿಯೇ ಸರಿಯುವ ಬಾಗಿಲು. ನಮ್ಮದು ಸರಸ್ವತಿ ನಗರದ ಒಂದು ಮನೆಯ ಮಹಡಿ. ಕೆಳಗೆ ಮನೆ ಮಾಲೀಕರು ಒಗ್ಗರಣೆ ಹಾಕಿದರೆ ಮೇಲೆ ನಾವು ಸೀನುತ್ತೇವೆ. ಇರುವವರು ಮೂವರು: ಯಜಮಾನರಾದ ಕಾಂತರಾಜ್ ಸರ್, ಯಂತ್ರಗಳನ್ನು ನೋಡುವ ಖಾಜಾ ಹುಸೇನ್ ಸಾಹೇಬರು, ಮತ್ತೆ ನಾನು. ಅಕ್ಕಿ ಗಿರಣಿಯವರು, ಮಂಡಕ್ಕಿ ಭಟ್ಟಿಯವರು, ಹರಿಹರದ ಲೇತ್ ಶೆಡ್ಡಿನವರು "ಯಾಕೋ ಧಂದೆ ಮೇಲೇಳ್ತಾ ಇಲ್ರಿ, ಒಂದಿಷ್ಟು ಬಂದು ನೋಡ್ರಿ" ಅಂತ ಕರೆಯುತ್ತಾರೆ. ಹೋಗುತ್ತೇವೆ, ನೋಡುತ್ತೇವೆ, ಏನು ಮಾಡಿದರೆ ಉಳಿಯುತ್ತದೆಂದು ಯೋಚಿಸಿ ವರದಿ ಕೊಡುತ್ತೇವೆ. ಇಷ್ಟೇ ನಮ್ಮ ಸಾಮ್ರಾಜ್ಯ.

ಒಳಿತು ಮೊದಲು. ನಮ್ಮ ಅವ್ವ ಇದ್ದ ನಾಟಕ ಕಂಪನಿ ನಿನಗೆ ಅಷ್ಟಾಗಿ ನೆನಪಿರಲಾರದು, ನೀನು ತೀರ ಚಿಕ್ಕವಳು. ಬಾಗಿಲಲ್ಲಿ ಟಿಕೆಟ್ ಹರಿದವನೇ ಎರಡನೇ ಅಂಕದಲ್ಲಿ ಮಂತ್ರಿ. ಅವ್ವ ಎಲ್ಲರಿಗೂ ಅಡಿಗೆ ಮಾಡಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು, ಮೀಸೆ ಅಂಟಿಸಿ ಗದೆ ಹಿಡಿದರೆ ಭೀಮಸೇನ! ನಮ್ಮದೂ ಹಾಗೆಯೇ. ಬೆಳಿಗ್ಗೆ ಕೊಟೇಶನ್ ಬರೆಯುವವಳು ನಾನು, ಮಧ್ಯಾಹ್ನ ಖಾಜಾ ಸಾಹೇಬರ ಸ್ಕೂಟರಿನ ಹಿಂದೆ ಕುಳಿತು ಹೋಗಿ ಶಾಮನೂರಿನ ಗಿರಣಿಯಲ್ಲಿ ಹೊಟ್ಟಿನ ಧೂಳು ಕುಡಿಯುವವಳು ನಾನು, ಸಂಜೆ ಪ್ರಿಂಟರಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಹಾಳೆ ಎಳೆಯುವವಳೂ ನಾನೇ. ನಿನಗೆ ವರ್ಷಗಟ್ಟಲೆ ಒಂದೇ ಸ್ಲೈಡಿನ ಒಂದೇ ಮೂಲೆ. ನನಗೆ ಇಡೀ ನಾಟಕ. ಸೋಮವಾರ ನಾನು "ಮೂಟೆ ಹೊರುವ ದಾರಿ ಈ ಕಡೆ ಮಾಡಿ" ಅಂದರೆ ಬುಧವಾರ ಅಲ್ಲಿ ಗೋಡೆ ಒಡೆದು ಬಾಗಿಲು ಇಟ್ಟಿರುತ್ತಾರೆ. ನನ್ನ ಮಾತಿನಿಂದ ಒಂದು ಗೋಡೆ ಬಿತ್ತಲ್ಲ ಎಂದು ಅವತ್ತು ರಾತ್ರಿ ನನಗೆ ಹೆಮ್ಮೆಯಿಂದ ಊಟ ಸೇರಿರಲಿಲ್ಲ! ತನುಶ್ರೀಗೆ ಡೆಂಗಿ ಬಂದಾಗ ನನ್ನ ರಜೆಯ ಅರ್ಜಿ ಕೇಳಿದವರಾರು? ಸರ್ ತಾವೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಗಂಜಿಯ ಫ್ಲಾಸ್ಕು ಹಿಡಿದು ಕುಳಿತಿದ್ದರು. "ಮಗು ಹುಷಾರಾಗ್ಲಿ ಬಿಡ್ರಿ, ಗಿರಣಿ ಎಲ್ಲಿಗೂ ಓಡಿ ಹೋಗಲ್ಲ" ಅಂದರು. ನಿನಗೆ ಜ್ವರ ಬಂದಾಗ ನಿನ್ನ ಕಂಪನಿ ಒಂದು ಇಮೇಲ್ ಕಳಿಸಿತ್ತು, ಅದರಲ್ಲಿ ನಿನ್ನ ಹೆಸರೂ ತಪ್ಪಾಗಿತ್ತು ಅಂತ ನೀನೇ ಹೇಳಿ ಅತ್ತಿದ್ದೆ.

ಕೆಡುಕೂ ಉಂಟು. ಇಲ್ಲಿ ಏರಲು ಮೆಟ್ಟಿಲಿಲ್ಲ. ಸೇರಿದ ದಿನ ಯಾವ ಕುರ್ಚಿಯೋ ಇವತ್ತಿಗೂ ಅದೇ ಕುರ್ಚಿ. ಯಜಮಾನರ ಮುಖವೇ ನಮಗೆ ಹವಾಮಾನ. ಅವರು ಮನೆಯಲ್ಲಿ ಜಗಳವಾಡಿ ಬಂದರೆ ಮಧ್ಯಾಹ್ನದ ಚಹಾದವರೆಗೂ ಗುಡುಗು. ಹೊಸದು ಕಲಿಸುವ ಹಿರಿಯರಿಲ್ಲ, ತಪ್ಪಿದರೆ ತಿದ್ದುವವರಿಲ್ಲ. ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಒಂದಿದೆ, ಅದು ಎಂಟು ದಿನದ ಹಿಂದಿನ ಶನಿವಾರದವರೆಗೆ ನನಗೂ ಗೊತ್ತಿರಲಿಲ್ಲ.

ಹಾಲೇಶಪ್ಪ ಮಾವ ನಮ್ಮ ಕಂಪನಿಯನ್ನು ಕರೆದರು. ಹೌದು, ಹರಿಹರದ ನಮ್ಮ ಮಾವನೇ! ಅವ್ವ ತೀರಿಕೊಂಡು, ನಾಟಕ ಕಂಪನಿಯವರು ಡೇರೆ ಬಿಚ್ಚಿಕೊಂಡು ಹೊರಟಾಗ, ಟ್ರಂಕಿನ ಮೇಲೆ ಕುಳಿತಿದ್ದ ನಮ್ಮಿಬ್ಬರನ್ನು ಸೈಕಲ್ಲಿನ ಮುಂದೊಬ್ಬಳು ಹಿಂದೊಬ್ಬಳು ಕೂರಿಸಿಕೊಂಡು ಹೋಗಿ ಸಾಕಿದ ಅವ್ವನ ಅಣ್ಣ. ಅವರ ಲೇತ್ ಶೆಡ್ಡಿನ ಸದ್ದು ಕೇಳುತ್ತಲೇ ನಾವು ಅಕ್ಷರ ಕಲಿತದ್ದು. ಕಬ್ಬಿಣದ ಸುರುಳಿ ಚೂರನ್ನು ಬಳೆ ಮಾಡಿಕೊಳ್ಳಲು ಹೋಗಿ ನೀನು ಕೈ ಕೊಯ್ದುಕೊಂಡದ್ದೂ ಅಲ್ಲೇ. ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗ ಮಾಡಿಕೊಡುವುದು ಅವರ ಕಸುಬು. ಈಗ ಅದನ್ನು ಕಂಪ್ಯೂಟರ್ ಯಂತ್ರ ಇಟ್ಟವರು ಅರ್ಧ ಹೊತ್ತಿನಲ್ಲಿ ಮಾಡಿ ಎಸೆಯುತ್ತಾರೆ. ಆರ್ಡರುಗಳು ಒಂದೊಂದಾಗಿ ಅತ್ತ ಹೋದವು. "ನನ್ನ ತಂಗಿ ಮಗಳ ಕಂಪನೀನ ಐತೆ, ಅವರೇ ದಾರಿ ತೋರಿಸ್ತಾರ ತಗೋ" ಅಂತ ಮಾವ ಊರೆಲ್ಲ ಹೇಳಿಕೊಂಡು ಬಂದರಂತೆ. ನಿಮ್ಮಲ್ಲಾಗಿದ್ದರೆ, ಇದು ನಮ್ಮವರ ಕೆಲಸ, ನಾನು ಮುಟ್ಟುವುದಿಲ್ಲ ಅಂದರೆ ಸಾಕು, ಬೇರೆ ತಂಡ ಹೋಗುತ್ತಿತ್ತು. ನಮ್ಮಲ್ಲಿ ಬೇರೆ ತಂಡ ಅಂದರೆ ಯಾರು? ಖಾಜಾ ಸಾಹೇಬರು ಯಂತ್ರ ನೋಡಿದರು, ಸರ್ ಲೆಕ್ಕ ನೋಡಿದರು, ನಾನು ಬರೆದೆ. ಯಾವ ಕಡೆಯಿಂದ ತಿರುಗಿಸಿ ನೋಡಿದರೂ ಉತ್ತರ ಒಂದೇ ಬಂತು. ಇನ್ನೂ ನಡೆಸಿದರೆ ಶೆಡ್ಡಿನ ಜೊತೆ ಮನೆಯೂ ಹೋಗುತ್ತದೆ. ದೀಪಾವಳಿಗೆ ಮುಚ್ಚಬೇಕು. ಯಂತ್ರಗಳಿಗೆ ಬೆಲೆ ಇರುವಾಗಲೇ ಮಾರಿ, ಕೆಲಸದವರನ್ನು ಬರಿಗೈಯಲ್ಲಿ ಕಳಿಸದ ಹಾಗೆ ನೋಡಿಕೊಳ್ಳಬೇಕು.

ನಮ್ಮ ಕಂಪನಿಯ ಒಂದು ಪದ್ಧತಿ ಇಲ್ಲಿ ಹೇಳಲೇಬೇಕು. ವರದಿಯನ್ನು ನಾವು ಮೊದಲೇ ಯಾರ ಕೈಗೂ ಕೊಡುವುದಿಲ್ಲ. ನಮ್ಮನ್ನು ಕರೆಸಿದ ಯಜಮಾನರು, ಅವರ ಕೆಲಸಗಾರರು ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ, ಗಟ್ಟಿಯಾಗಿ ಓದಿ, ಆಮೇಲೆ ಕೊಡುತ್ತೇವೆ. ನಾಳೆ ಯಾರೂ "ಒಳಗೊಳಗೇ ತಿದ್ದಿಸಿಕೊಂಡ್ರು" ಅನ್ನಬಾರದೆಂದು. ಓದುವವಳು ನಾನು. "ಮೈಕು ಯಾಕ್ರಿ, ರೇಖಾ ಅವ್ರ ಗಂಟ್ಲ ಐತಲ್ಲ" ಅನ್ನುವುದು ಸರ್ ಅವರ ಹಳೆಯ ಹಾಸ್ಯ. ಈ ಸಲ ಮಾತ್ರ ನಾನು ಕೈಮುಗಿದೆ, ಮಾವನನ್ನು ಮನೆಯಲ್ಲಿ ಕೂರಿಸಿಕೊಂಡು ಮೊದಲೇ ಹೇಳಿಬಿಡೋಣ ಅಂದೆ. ಸರ್ ಒಪ್ಪಲಿಲ್ಲ. "ಮಾವ ಅಂತ ಇವತ್ತು ಮೊದ್ಲೇ ಹೇಳಿದ್ರೆ, ನಾಳೆ ಶಾಮನೂರಿನವ್ರು ಬಂದು ನಾವೇನ್ ಹೊರಗಿನವ್ರಾ ಅಂತ ಕೇಳಲ್ವೇನ್ರಿ? ನಿಮಗೆ ಬ್ಯಾಡಂದ್ರೆ ಬಿಡ್ರಿ, ನಾನೇ ಓದ್ತೀನಿ" ಅಂದರು. ಬೇರೆಯವರ ಬಾಯಿಂದ ಮಾವ ಆ ಮಾತು ಕೇಳುವುದೇ? ಬೇಡ, ನಾನೇ ಓದುತ್ತೇನೆ ಅಂದೆ.

ಆ ಶನಿವಾರ ಶೆಡ್ಡಿನಲ್ಲಿ ಆಯುಧಪೂಜೆಯ ಕುಂಕುಮ ಇನ್ನೂ ಅಳಿಸಿರಲಿಲ್ಲ. ಲೇತ್‌ಗಳ ಮೇಲೆ ಚೆಂಡುಹೂವಿನ ಹಾರ ಬಾಡಿ ಜೋತುಬಿದ್ದಿತ್ತು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಎಲ್ಲರಿಗೂ ಮಿರ್ಚಿ ಬಜ್ಜಿ ತರಿಸಿಟ್ಟು, ಮದುವೆ ಮನೆಯ ಯಜಮಾನನ ಹಾಗೆ ಓಡಾಡುತ್ತಿದ್ದರು. ಹಳೆಯ ಕೆಲಸಗಾರ ಮಾಲತೇಶಪ್ಪ ಒಂದು ಸ್ಟೂಲನ್ನು ಒರೆಸಿ ಮುಂದಿಟ್ಟು "ಬಾರವ್ವ ಅಂಜಿನವ್ವನ ಮಗಳೆ, ಹತ್ತು. ಇವತ್ತು ಯಾವ ಪಾರ್ಟು?" ಅಂತ ಅವ್ವನ ಹೆಸರು ಹಿಡಿದು ಕರೆದ. ಎಲ್ಲರೂ ನಕ್ಕರು. ಹತ್ತಿ ನಿಂತು ಹಾಳೆ ಬಿಚ್ಚಿದೆ. ಅಳು ಬರುವಾಗ ದನಿ ಇಳಿಸಬಾರದು, ಏರಿಸಬೇಕು. ಅವ್ವ ನನಗೆ ಬಿಟ್ಟುಹೋದ ವಿದ್ಯೆ ಅದೊಂದೇ. ಏರಿಸಿದೆ, ಸುಷ್ಮಾ! ತಗಡಿನ ಸೂರು ಕಂಪಿಸುವಂತೆ ಏರಿಸಿದೆ! ಒಂದೊಂದು ಸಾಲಿಗೂ ಉಸಿರು ತುಂಬಿ, ಕೊನೆಗೆ, "ಆದ್ದರಿಂದ, ಬರುವ ದೀಪಾವಳಿಗೆ ಈ ಕಾರ್ಯಾಗಾರವನ್ನು ಮುಚ್ಚುವುದೊಂದೇ ಉಳಿದಿರುವ ದಾರಿ!" ಎಂದು, ಸಿಂಹಾಸನದಿಂದಿಳಿಯುವ ದೊರೆಯ ಹಾಗೆ ನಿಲ್ಲಿಸಿದೆ.

ಚಪ್ಪಾಳೆ ಬಿತ್ತು.

ನಂಬುತ್ತೀಯಾ? ಎಲ್ಲರೂ ಚಪ್ಪಾಳೆ ತಟ್ಟಿದರು. ಈ ಕಡೆಯ ಜನ ಕಂಪನಿ ನಾಟಕ ನೋಡಿ ಬೆಳೆದವರು. ಮಾತು ಆ ಲಯದಲ್ಲಿ ಏರಿ ಆ ಲಯದಲ್ಲಿ ಬಿದ್ದರೆ ಕೈಗಳು ತಾವಾಗಿಯೇ ಸೇರುತ್ತವೆ. ಮಾಲತೇಶಪ್ಪನಂತೂ ಕೈ ಎತ್ತಿ "ಒನ್ಸ್ ಮೋರ್!" ಎಂದು ಕೂಗಿಯೇಬಿಟ್ಟ. ಚಪ್ಪಾಳೆ ಮೊದಲು ಬಂತು, ಅರ್ಥ ಆಮೇಲೆ ಬಂತು. ಅದು ಒಂದೊಂದೇ ಮುಖದ ಮೇಲೆ ಬಂದು ಕೂರುವುದನ್ನು ನಾನು ಸ್ಟೂಲಿನ ಮೇಲೆ ನಿಂತು ನೋಡಿದೆ. ಮಾಲತೇಶಪ್ಪನ ಕೈ ಇನ್ನೂ ಮೇಲೆಯೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸುಮ್ಮನೆ ತಲೆ ಸವರಿಕೊಂಡ.

ಮಾವ ಒಬ್ಬರೇ ಚಪ್ಪಾಳೆ ತಟ್ಟಿರಲಿಲ್ಲ. "ಕೆಳಗಿಳಿ ಮಗಾ" ಅಂದರು. ಇಳಿದೆ. "ಹಂಗಲ್ಲ. ಊಟಕ್ಕ ಬಾ ಮಾವ ಅಂತ ಕರೀತೀಯಲ್ಲ, ಆ ದನಿಯಾಗೆ ಹೇಳು. ಏನಂತ ಬರ್ದೀರಿ?" ಆ ದನಿಯಲ್ಲೇ, "ಶೆಡ್ಡು ಮುಚ್ಚಬೇಕು ಅಂತ ಕಂಪನಿ ಹೇಳ್ತೈತೆ, ಮಾವ" ಅಂದೆ. ಅವರು ಸರ್ ಅವರನ್ನು ನೋಡಿದರು, ಖಾಜಾ ಸಾಹೇಬರನ್ನು ನೋಡಿದರು, ಕಡೆಗೆ ನನ್ನನ್ನು ನೋಡಿದರು. "ಕಂಪನಿ ಅಂದ್ರ ಯಾರವ್ವ? ನೀವು ಮೂರು ಮಂದಿ ತಾನೆ?" ಅಷ್ಟೇ. ಬೈಯಲಿಲ್ಲ, ಕೂಗಲಿಲ್ಲ. ಬೈದಿದ್ದರೆ ನಾನೂ ಎದುರು ನಿಂತು ಏನಾದರೂ ಹೇಳುತ್ತಿದ್ದೆ. ಮಿರ್ಚಿಯ ಪೊಟ್ಟಣವನ್ನು ಯಾರೂ ಬಿಚ್ಚಲಿಲ್ಲ. ಹೊರಟಾಗ ಖಾಜಾ ಸಾಹೇಬರು ಸ್ಕೂಟರನ್ನು ತಳ್ಳಿಕೊಂಡೇ ಬಹುದೂರ ಬಂದರು. ಅಲ್ಲಿ ಕಿಕ್ ಹೊಡೆದು ಸದ್ದು ಮಾಡಲು ಅವರಿಗೂ ಮನಸ್ಸಾಗಲಿಲ್ಲ.

ಇದೇ ನೋಡು ತಂಗಿ, ನೀನು ಕೇಳಿದ ಕೆಡುಕು. ದೊಡ್ಡ ಕಂಪನಿಯಲ್ಲಿ ಇಂಥ ಸಾಲನ್ನು ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ತಿದ್ದುತ್ತಾರೆ, ಮತ್ತೊಬ್ಬರು ಕಳಿಸುತ್ತಾರೆ. ಯಾರಿಗೂ ಅದು ತನ್ನ ಮಾತು ಅನ್ನಿಸುವುದಿಲ್ಲ, ಯಾರೂ ಆ ಮುಖಗಳನ್ನು ನೋಡಬೇಕಾಗಿಲ್ಲ. ಇಲ್ಲಿ ಮಾತೂ ನಮ್ಮದೇ, ಮುಖಗಳೂ ನಮ್ಮವೇ. ಮೊನ್ನೆ ಹರಿಹರದ ಬಸ್ಸಿನಲ್ಲಿ ಮಾಲತೇಶಪ್ಪ ಎದ್ದು ನನಗೆ ಸೀಟು ಬಿಟ್ಟುಕೊಟ್ಟ. "ಕೂಡ್ರವ್ವ" ಅಂದ. ಕೂತೆ. ಇಳಿಯುವವರೆಗೂ ಅವನು ಕಿಟಕಿಯಾಚೆ ನೋಡಿದ, ನಾನು ನನ್ನ ಕಾಲುಂಗುರ ನೋಡಿದೆ. ವರದಿಯನ್ನು ಆಮೇಲೆ ಮತ್ತೆ ಮತ್ತೆ ಓದಿದ್ದೇನೆ. ಒಂದು ತಪ್ಪು ಸಿಕ್ಕಿದ್ದರೆ ಓಡಿಹೋಗಿ ಮಾವನ ಕಾಲು ಹಿಡಿಯುತ್ತಿದ್ದೆ. ಸಿಗಲಿಲ್ಲ. ಅದು ಸರಿಯಾಗಿಯೇ ಇದೆ, ಹಾಳಾದದ್ದು.

ಮಾವ ಚೆನ್ನಾಗಿದ್ದಾರೆ. ಹುಲಿಗೆಮ್ಮ ಅತ್ತೆಯನ್ನು ಕರೆದುಕೊಂಡು ಉಕ್ಕಡಗಾತ್ರಿಗೆ ಹೋಗಿ, ಹೊಳೆಯಲ್ಲಿ ಮಿಂದು, ಕರಿಬಸವೇಶ್ವರನಿಗೆ ಕೈಮುಗಿದು ಬಂದಿದ್ದಾರೆ. ಯಂತ್ರಗಳನ್ನು ನೋಡಲು ರಾಣೇಬೆನ್ನೂರಿನಿಂದ ಯಾರೋ ಬಂದುಹೋದರು. ಎಲ್ಲವೂ ವರದಿಯಲ್ಲಿ ಬರೆದ ಹಾಗೆಯೇ ನಡೆಯುತ್ತಿದೆ. ಎರಡು ಕಡೆಯದನ್ನೂ ನಿನ್ನ ಮುಂದೆ ಇಟ್ಟಿದ್ದೇನೆ. ನೀನು ನನಗಿಂತ ಓದಿದವಳು, ತೂಗಿ ನೋಡಿಕೋ.

ಬೆನ್ನಿಗೆ ಎಣ್ಣೆ ಕಾಯಿಸಿ ಹಚ್ಚಿಕೋ. ಹೊತ್ತುಹೊತ್ತಿಗೆ ಉಣ್ಣು. ನಿನ್ನ ಭಾವ ಕೇಳಿದರೆಂದು ಹೇಳಲು ಹೇಳಿದ್ದಾರೆ, ತನುಶ್ರೀ ಮುತ್ತು ಕಳಿಸಿದ್ದಾಳೆ. ಅವ್ವನ ಹರಕೆ ಎಲ್ಲಿದ್ದರೂ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ರೇಖಾ

ತಾಜಾಕಲಂ: ಲಕೋಟೆ ಅಂಟಿಸಲು ಹೋಗಿ ಮತ್ತೆ ಬಿಚ್ಚಿದೆ. ಮಾವ ಚೆನ್ನಾಗಿದ್ದಾರೆ ಅಂತ ಬರೆದದ್ದು ಖಾಜಾ ಸಾಹೇಬರು ಹೇಳಿದ್ದು, ನಾನು ಕಂಡದ್ದಲ್ಲ. ಮಾವ ನನ್ನ ಫೋನ್ ಎತ್ತುತ್ತಿಲ್ಲ. ಮನೆಗೆ ಹೋದರೆ ಅತ್ತೆ ಗೇಟಿನ ಹತ್ತಿರವೇ ಬಂದು "ಮಲಗ್ಯಾರವ್ವ" ಅನ್ನುತ್ತಾಳೆ. ಒಳಗೆ ಅವರು ಕೆಮ್ಮುವುದು ಕೇಳಿಸುತ್ತದೆ. ನೀನು ಕೆಲಸ ಬಿಡಬೇಡ, ಸುಷ್ಮಾ. ಬರುವುದಿಲ್ಲವೆಂದು ಸರ್‌ಗೆ ತಿಳಿಸಿಬಿಡು. ನಮ್ಮ ಕಂಪನಿ ಕೆಟ್ಟದ್ದೆಂದಲ್ಲ. ನೀನೂ ಇಲ್ಲಿ ಸೇರಿದರೆ ಮಾವನ ಪಾಲಿಗೆ ನಾವಿಬ್ಬರೂ ಕಂಪನಿಯವರೇ ಆಗಿಬಿಡುತ್ತೇವೆ. ಅವರಿಗೆ ಮನೆಯ ಹುಡುಗಿ ಅಂತ ಒಬ್ಬಳಾದರೂ ಉಳಿಯಲಿ. ಈ ಕಾಗದ ಸಿಕ್ಕ ಕೂಡಲೇ ಅವರಿಗೆ ಫೋನ್ ಮಾಡು. ಊಟ ಆಯ್ತಾ ಅಂತ ಮಾತ್ರ ಕೇಳು, ಶೆಡ್ಡಿನ ಮಾತು ಎತ್ತಬೇಡ, ನಾನು ಬರೆದೆ ಅಂತಲೂ ಹೇಳಬೇಡ. ಅವರಾಗಿ ನನ್ನ ಸುದ್ದಿ ಕೇಳಿದರೆ ನನಗೆ ತಿಳಿಸು. ಕೇಳದಿದ್ದರೆ, ಕೇಳಿದರು ಅಂತ ಸುಳ್ಳು ಹೇಳಬೇಡ.