ಹಪ್ಪಳದ ಡಬ್ಬಿಯ ತಳದ ಕಾಗದ

ಇಸವಿ ೨೧೮೪, ಹದಿಮೂರನೆಯ ತಿಂಗಳು, ಒಂಬತ್ತನೆಯ ದಿನ
ಗುಳೇದಗುಡ್ಡ

ಕಸ್ತೂರೆವ್ವ ಅವರಿಗೆ ನಿಮ್ಮ ಮರಿಮೊಮ್ಮಗಳ ಮೊಮ್ಮಗಳು ಚನ್ನಾಂಬಿಕೆ ಮಾಡುವ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ, ನಮಗೆ ವರ್ಷಕ್ಕೆ ಹದಿಮೂರು ತಿಂಗಳು. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಇಂಥ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ತೀರಿಹೋದ ಹಿರಿಯರಿಗೆ, ಅವರು ಬದುಕಿದ್ದ ಕಾಲಕ್ಕೆ, ಜನ್ಮದಲ್ಲಿ ಒಂದೇ ಸಲ ಬರೆಯಬಹುದು. ಎಲ್ಲರೂ ಕುಶಲ ಕೇಳಿ ಬರೆಯುತ್ತಾರೆ. ನಾನು ಬೇಸತ್ತು ಬರೆಯುತ್ತಿದ್ದೇನೆ. ಹಿರಿಯರಿಗೆ ಹೀಗೆ ಬರೆಯಲು ಸಂಕೋಚವಾಗುತ್ತದೆ, ಆದರೆ ಬೇರೆ ದಾರಿ ಉಳಿದಿಲ್ಲ.

ನನ್ನ ಕೆಲಸ ನೆರಳು ಕಟ್ಟುವುದು. ಬೇಸಿಗೆಯಲ್ಲಿ ನಮ್ಮ ಬೀದಿಗಳಿಗೆಲ್ಲ ಮೇಲೆ ದಪ್ಪ ಬಟ್ಟೆ ಹೊದಿಸುತ್ತಾರೆ, ಇಲ್ಲದಿದ್ದರೆ ಹಗಲು ಹೊರಗೆ ಕಾಲಿಡಲಾಗುವುದಿಲ್ಲ. ಏಣಿ ಹತ್ತಿ ಅದರ ಹಗ್ಗ ಬಿಗಿಯುವವಳು ನಾನು. ಹೋದ ವರ್ಷ ಅಂಗಾಲಿಗೆ ಜೋಮು ಹಿಡಿಯಿತು, ಬಿಡಲಿಲ್ಲ. ಬಗ್ಗಿ ನೋಡದೆ ಏಣಿಯ ಮೆಟ್ಟಿಲು ಕಾಲಿಗೆ ತಿಳಿಯುತ್ತಿರಲಿಲ್ಲ. ಮುಖ ತೊಳೆಯುವಾಗ ಕಣ್ಣು ಮುಚ್ಚಿದರೆ ಮೈ ತೂಗಾಡುತ್ತಿತ್ತು. ಎರಡು ಸಲ ಬಿದ್ದೆ. ಜೊತೆಯವರು ನನಗೆ ಕೆಲಸಗಳ್ಳಿ ಎಂದು ಹೆಸರಿಟ್ಟರು. ಕೊನೆಗೆ ಬಾದಾಮಿಯ ವೈದ್ಯರೊಬ್ಬರು ಗೋಧಿ ಬಿಡು ಎಂದರು. ಕೆಲವರ ಮೈಯ ಕಾವಲು ಗೋಧಿಯನ್ನು ಕಂಡು ಕೆರಳಿ ತನ್ನ ಮೈಯನ್ನೇ ಹೊಡೆಯುತ್ತದಂತೆ. ಹಲವರಿಗೆ ಕರುಳು ಕೆಡುತ್ತದೆ. ಕೆಲವರಿಗೆ ಹೊಟ್ಟೆ ತಣ್ಣಗಿದ್ದು ನರಕ್ಕೆ ಪೆಟ್ಟು ಬೀಳುತ್ತದೆ. ನಾಲ್ಕು ತಿಂಗಳಿಂದ ಅನ್ನ, ಮೊಸರು, ಬಾಳೆಹಣ್ಣು ಬಿಟ್ಟು ಬೇರೇನೂ ತಿಂದಿಲ್ಲ. ಮೊನ್ನೆ ಬಲಗಾಲ ಹೆಬ್ಬೆರಳಿಗೆ ಹರಳು ಚುಚ್ಚಿತು. ನೋವಾಯಿತೆಂದು ನಾನು ಖುಷಿಪಟ್ಟೆ.

ನಮ್ಮಲ್ಲಿ ಮನೆಗೊಂದು ಒಲೆಯಿಲ್ಲ, ಬೀದಿಗೊಂದು ಬೀದಿಯೊಲೆ. ಊಟವೆಲ್ಲ ಅಲ್ಲಿಯೇ. ಅದನ್ನು ನೋಡಿಕೊಳ್ಳುವ ಪಾರ್ವತೆಕ್ಕ ಕೆಟ್ಟವರಲ್ಲ, ಆದರೆ ಪ್ರತಿ ಹಬ್ಬಕ್ಕೂ ಒಂದು ಚಮಚ ಗೋಧಿ ಹುಗ್ಗಿ ಹಿಡಿದು ನನ್ನ ಬೆನ್ನು ಹತ್ತುತ್ತಾರೆ. "ಚಿಟಿಕಿ ತಿಂದ್ರ ಸಾಯ್ತಿ ಏನವಾ? ದೇವರ ಪ್ರಸಾದ ಐತಿ," ಎನ್ನುತ್ತಾರೆ. ಅದೇ ಸೌಟನ್ನು ಅನ್ನಕ್ಕೂ ಹಾಕುತ್ತಾರೆ, ಸೌಟು ಬೀಳುವ ಮುಂಚೆಯೇ ನಾನು ಓಡಿಹೋಗಿ ಅನ್ನ ಬಡಿಸಿಕೊಳ್ಳಬೇಕು. ನನಗೆ ಬೇರೆ ಪಾತ್ರೆ, ಬೇರೆ ಬೀಸುವ ಕಲ್ಲು ಬೇಕೆಂದರೆ ಆರೋಗ್ಯ ಸಭೆಯ ಚೀಟಿ ಬೇಕು. ಸಭೆಯವರು ರಕ್ತದ ಪರೀಕ್ಷೆ ಕೇಳುತ್ತಾರೆ. ಗೋಧಿ ಬಿಟ್ಟವಳ ರಕ್ತದಲ್ಲಿ ರೋಗ ಕಾಣುವುದಿಲ್ಲವಂತೆ. ಹಾಗಾಗಿ ಆರು ವಾರ ದಿನಾ ಚಪಾತಿ ತಿಂದು ಬಾ ಎಂದಿದ್ದಾರೆ. ಮತ್ತೆ ತಿಂದು ನರ ಕೆಟ್ಟರೆ ಎರಡನೆಯ ಸಲ ಸರಿಹೋಗುತ್ತದೆಂದು ಹೇಳಲಾರೆ ಎಂದು ಬಾದಾಮಿಯ ವೈದ್ಯರು ತಲೆಯಾಡಿಸಿದರು. ಇನ್ನೊಂದು ದಾರಿಯಿದೆ. ವಂಶದಲ್ಲಿ ಹಿಂದೆ ಒಬ್ಬರಿಗೆ ಈ ರೋಗ ಇತ್ತೆಂಬುದಕ್ಕೆ ಬರಹದ ಸಾಕ್ಷಿ ತಂದರೆ ಸಾಕು, ಬಾಯಿಮಾತು ನಡೆಯದು.

ಹಾಗಾಗಿ ನಿಮ್ಮನ್ನು ಹುಡುಕಿದೆ. ಫೋನಿನಲ್ಲಿ ನೀವು ತಂಗಿಗೆ ಕಳಿಸಿದ ದನಿಗಳು ನಮ್ಮ ಮನೆಯಲ್ಲಿ ಮುನ್ನೂರಕ್ಕೂ ಹೆಚ್ಚು ಉಳಿದಿವೆ. ಎಲ್ಲ ಕೇಳಿದೆ. ನೇಯಲು ಕೂತಾಗ ಮಗ್ಗದ ಕುಣಿಯಲ್ಲಿ ಕಾಲು ಎಲ್ಲಿದೆಯೆಂದು ತಿಳಿಯುವುದಿಲ್ಲ ಎನ್ನುತ್ತೀರಿ. ಕಣ್ಣಿಗೆ ಸೋಪು ಹಚ್ಚಿದರೆ ಗೋಡೆ ಹಿಡಿಯಬೇಕು ಎನ್ನುತ್ತೀರಿ. ಆಮೇಲೆ ಇದು: "ರಕ್ತಾ ನೋಡಿ ಡಾಕ್ಟರ್ ಗೋಧಿ ಬಿಡು ಅಂದ. ಕಾಲು ಜೋಮು ಹಿಡದ್ರ ಗೋಧಿ ಯಾಕ ಬಿಡಬೇಕವಾ? ನನ್ನ ಹೊಟ್ಟಿ ಕಲ್ಲು ತಿಂದ್ರೂ ಅರಗಸ್ತದ. ಅವನ ಚೀಟಿ ಹಪ್ಪಳದ ಡಬ್ಬಿ ತಳಕ್ಕ ಹಾಸೇನಿ." ಹೇಳಿ ನಗುತ್ತೀರಿ. ತಂಗಿಯೂ ನಕ್ಕಿರಬೇಕು.

ಆದರೂ ನೀವು ಚಪಾತಿ ಬಿಟ್ಟಿರಿ, ಅದನ್ನು ಒಪ್ಪುತ್ತೇನೆ. ಆರು ತಿಂಗಳು ಬರೀ ಜೋಳದ ರೊಟ್ಟಿ ತಿಂದು, ಕಾಲು ಸುಧಾರಿಸಲಿಲ್ಲ, ಡಾಕ್ಟರ್ ಸುಳ್ಳ ಎಂದು ಮತ್ತೆ ಶುರುಮಾಡಿದಿರಿ. ಆದರೆ ಅದೇ ಆರು ತಿಂಗಳ ನಡುವಿನ ಇನ್ನೊಂದು ದನಿಯಲ್ಲಿ ಗಿರಣಿಯ ಸುದ್ದಿಯಿದೆ. ನೆರೆಮನೆಯವರ ಗೋಧಿ ಬೀಸಿ ಮುಗಿದ ಕೂಡಲೇ ಅದೇ ಕಲ್ಲಿಗೆ ನಿಮ್ಮ ಜೋಳ ಸುರಿಸಿ, ಪಾಳಿ ಬೇಗ ಸಿಕ್ಕಿತೆಂದು ಹೆಮ್ಮೆಪಡುತ್ತೀರಿ. ಅವ್ವಾ, ಕಲ್ಲಿನ ಸಂದಿಯಲ್ಲಿ ಉಳಿದ ಗೋಧಿಯೆಲ್ಲ ನಿಮ್ಮ ಹಿಟ್ಟಿಗೇ ಬಂತು. ಆರು ತಿಂಗಳು ನೀವು ಗೋಧಿ ಬಿಟ್ಟೇ ಇರಲಿಲ್ಲ. ಕೊನೆಯ ದನಿಗಳಲ್ಲಿ ನೀವು ಮಗ್ಗದ ಮಾತನ್ನೇ ಎತ್ತುವುದಿಲ್ಲ.

ಆ ಡಬ್ಬಿ ನಮ್ಮ ಅಟ್ಟದ ಪೆಟ್ಟಿಗೆಯಲ್ಲಿ ಈಗಲೂ ಇದೆ. ತಳದಲ್ಲಿ ಕಾಗದವೂ ಇದೆ. ಎಣ್ಣೆ ಕುಡಿದು ಅಕ್ಷರವೆಲ್ಲ ಅಳಿಸಿಹೋಗಿದೆ. ಸಭೆಯವರು ಅದನ್ನು ಬೆಳಕಿಗೆ ಹಿಡಿದು ನೋಡಿ ನಕ್ಕು ವಾಪಸ್ಸು ಕೊಟ್ಟರು.

ಕೇಳುವುದು ಇಷ್ಟೇ. ಈ ಓಲೆ ಮುಟ್ಟಿದ ದಿನವೇ ಹಪ್ಪಳ ಬೇರೆ ಕಡೆ ಸುರಿದು ಆ ಚೀಟಿಯನ್ನು ಹೊರಗೆ ತೆಗೆಯಿರಿ. ಮನೆಯ ಪತ್ರಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಇಡಿ, ಆ ಪತ್ರಗಳು ನಮ್ಮ ಅಟ್ಟದಲ್ಲಿ ಹಾಳಾಗದೆ ಉಳಿದಿವೆ. ನಿಮ್ಮ ಜೋಳವನ್ನು ಮನೆಯ ಕಲ್ಲಿನಲ್ಲಿ ಬೀಸಿಕೊಳ್ಳಿ, ಆ ಕಲ್ಲಿಗೆ ಗೋಧಿ ತಾಗಿಸಬೇಡಿ. ನರ ನಿಧಾನಕ್ಕೆ ಸುಧಾರಿಸುತ್ತದೆ, ಆರು ತಿಂಗಳಿಗೆ ಕೈಬಿಡಬೇಡಿ. ನಗುವುದಾದರೆ ಆಮೇಲೆ ನಗಿರಿ.

ಸಭೆಯವರು ಹೇಳಿದ ಆರು ವಾರ ಸೋಮವಾರ ಶುರು, ಅಂದು ಬೆಳಿಗ್ಗೆ ಪಾರ್ವತೆಕ್ಕ ನನ್ನ ತಟ್ಟೆಗೆ ಮೊದಲ ಚಪಾತಿ ಹಾಕುತ್ತಾರೆ. ಅದನ್ನು ಮುರಿಯುವ ಮುಂಚೆ ಅಟ್ಟಕ್ಕೆ ಹತ್ತಿ ಮನೆಯ ಪತ್ರಗಳನ್ನು ಒಂದು ಸಲ ಬಿಚ್ಚಿ ನೋಡುತ್ತೇನೆ.

ಚನ್ನಾಂಬಿಕೆ