ಚಾಡಿಕೋರನ ಪಾತ್ರ ಮಾಡಿದವನಿಗೆ

ಸಕಲೇಶಪುರ
17-2-2007, ಶನಿವಾರ

ಪ್ರೀತಿಯ ಯೋಗಾನಂದ,

ಬಾಗಿಲು ಹಾಕಬೇಡ. ಈ ಕಾಗದ ತಂದವರನ್ನು ಕಂಡು ನಿನಗೆ ಏನನ್ನಿಸುತ್ತಿದೆ ಎಂದು ಊಹಿಸಬಲ್ಲೆ. ಅದೇ ಲಕ್ಕಯ್ಯ, ಅದೇ ಈರಮ್ಮ. ಈ ಸಲ ಅವರ ಕೈಯಲ್ಲಿ ಕಲ್ಲಿಲ್ಲ. ಅವರನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ಇದನ್ನು ಮನಸ್ಸಿನಲ್ಲೇ ಓದಿಕೋ. ಸಹಿಯ ಕೆಳಗೂ ಒಂದಿಷ್ಟು ಸಾಲುಗಳಿವೆ. ಅಲ್ಲಿಗೆ ಬರುವ ತನಕ ಅವರಿಗೆ ಏನನ್ನೂ ಹೇಳಬೇಡ.

ಮೂರು ವರ್ಷದಿಂದ ನಿನಗೆ ಒಂದು ಸಾಲು ಬರೆಯಲಿಲ್ಲ. ಪುರುಸೊತ್ತು ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಈ ಮೂರು ವರ್ಷದಲ್ಲಿ ನಾನು ಹತ್ತೊಂಬತ್ತು ಕರಪತ್ರ ಬರೆದಿದ್ದೇನೆ. ನೀನು ಬಿಸಿಲೆಯಲ್ಲಿ ಜೀಪು ಓಡಿಸುತ್ತೀಯ, ಯಾರ ಜೊತೆಗೂ ಹೆಚ್ಚು ಮಾತಾಡುವುದಿಲ್ಲ ಎಂದು ಆ ಕಡೆಯಿಂದ ಬಂದವರು ಹೇಳಿದರು. ನಿನ್ನ ತಾಯಿ ಚಿನ್ನಮ್ಮನವರ ಮಂಡಿನೋವು ಹೇಗಿದೆ? ನಮ್ಮ ನಾಟಕದ ತಂಡಕ್ಕೆ ಅವರು ಹಾಕಿದ ಊಟ ನಾನು ಮರೆತಿಲ್ಲ.

ತಂಡ ಈಗಿಲ್ಲ. ನೀನು ಹೋದ ಮೇಲೆ ಎರಡು ಬೀದಿನಾಟಕ ಮಾಡಿದೆವು, ಜನ ಎದ್ದು ಹೋದರು. ನಾನು ಬಸ್ ನಿಲ್ದಾಣದ ಹತ್ತಿರ ಸಿ.ಡಿ. ಬಾಡಿಗೆಗೆ ಕೊಡುವ ಅಂಗಡಿಯಲ್ಲಿದ್ದೇನೆ. ನಗಬೇಕೆನಿಸಿದರೆ ನಕ್ಕುಬಿಡು. ಸಿನಿಮಾ ಎಂದರೆ ದುಡಿಯುವವರ ಕಣ್ಣಿಗೆ ಕಟ್ಟುವ ಬಟ್ಟೆ ಎಂದು ಅಚ್ಚು ಹಾಕಿಸಿದವನು ನಾನೇ.

ಘಾಟಿ ರಸ್ತೆಯ ರೆಸಾರ್ಟಿನಲ್ಲಿ ಮಣಿಪುರದ ಒಬ್ಬ ಅಡುಗೆಯವನಿದ್ದ. ಊರಿಗೆ ಹೋಗುವಾಗ ಹನ್ನೊಂದು ಡಿಸ್ಕುಗಳನ್ನು ಅಂಗಡಿಯಲ್ಲಿ ಬಿಟ್ಟುಹೋದ. ಎಲ್ಲ ಕೊರಿಯಾ ದೇಶದ ಚಿತ್ರಗಳು. ಕೆಳಗೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರ ಬರುತ್ತದೆ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮೂರನೆಯ ಚಿತ್ರಕ್ಕೆ ಬರುವಷ್ಟರಲ್ಲಿ ಒಂದು ವಿಷಯ ಗೊತ್ತಾಯಿತು. ಒಬ್ಬ ಕುಳ್ಳ ಮನುಷ್ಯ, ಅಗಲ ಮುಖ, ಸ್ವಲ್ಪ ಬಾಗಿದ ಬೆನ್ನು, ಎಲ್ಲದರಲ್ಲೂ ಇದ್ದಾನೆ. ನಾಯಕನಲ್ಲ. ಹೆಚ್ಚಾಗಿ ಅರ್ಧ ಚಿತ್ರಕ್ಕೇ ಸಾಯುತ್ತಾನೆ. ಹೊದಿಕೆಯ ಮೇಲೆ ಅವನ ಹೆಸರು ಆ ಭಾಷೆಯಲ್ಲೇ ಇದೆ, ಓದಲು ಬರುವುದಿಲ್ಲ.

ಒಂದರಲ್ಲಿ ಅವನು ಬಸ್ ಕಂಡಕ್ಟರ್. ಟಿಕೆಟ್ ಹರಿದುಕೊಡುವಾಗ ಯಾರ ಮುಖವನ್ನೂ ನೋಡುವುದಿಲ್ಲ, ಬೆರಳು ಮಾತ್ರ ನೋಡುತ್ತಾನೆ. ಒಬ್ಬಳು ಮುದುಕಿಯ ಬೆರಳು ನೋಡಿದ ಮೇಲೆ ತಲೆ ಎತ್ತುತ್ತಾನೆ. ಅದು ಅವನ ತಾಯಿ. ಇನ್ನೊಂದರಲ್ಲಿ ಮೀನು ಮಾರುವವನು, ಮಗಳು ಕಾಣೆಯಾಗಿದ್ದಾಳೆ. ಅಳುವುದೇ ಇಲ್ಲ. ಮೀನಿನ ಹೊರೆ ಕೆಳಗಿಳಿಸಿ, ಮಗಳ ಚಪ್ಪಲಿಯನ್ನು ತೊಳೆದು ಬಿಸಿಲಿಗೆ ಇಡುತ್ತಾನೆ. ಮರುದಿನ ಮತ್ತೆ ತೊಳೆದು ಇಡುತ್ತಾನೆ. ಅರಮನೆಯ ಕಥೆಯೊಂದರಲ್ಲಿ ರಾಜನಿಗಿಂತ ಮೊದಲು ಊಟದ ರುಚಿ ನೋಡುವ ಆಳು. ಅವನಿಗೆ ಎರಡೇ ಮಾತು. ಆದರೆ ತುತ್ತು ನುಂಗಿದ ಮೇಲೆ, ವಿಷ ಇದೆಯೋ ಇಲ್ಲವೋ ಎಂದು ಒಳಗೇ ಕಾಯುವ ಆ ಹೊತ್ತಿನಲ್ಲಿ ಅವನ ಕುತ್ತಿಗೆಯನ್ನು ನೋಡಬೇಕು. ಊಳಿಗ ಎಂದರೆ ಏನು ಎಂದು ನಾನು ನಾಲ್ಕು ಪುಟ ಬರೆದಿದ್ದೆ. ಅವನು ಕುತ್ತಿಗೆಯಲ್ಲಿ ಹೇಳಿ ಮುಗಿಸಿದ.

ಅವನ ಮುಖ್ಯ ಕೆಲಸ ಕೇಳಿಸಿಕೊಳ್ಳುವುದು. ಬೇರೆಯವರು ಮಾತಾಡುವಾಗ ಅವನು ಕೇಳಿಸಿಕೊಳ್ಳುವ ರೀತಿಯಲ್ಲೇ ಅವನು ಯಾರೆಂದು ಗೊತ್ತಾಗುತ್ತದೆ. ಕಂಡಕ್ಟರ್ ಅರ್ಧ ಕಿವಿಯಲ್ಲಿ ಕೇಳುತ್ತಾನೆ, ಮೀನಿನವನು ತಲೆ ತಗ್ಗಿಸಿ ಕೇಳುತ್ತಾನೆ. ನೀನೂ ಹಾಗೆಯೇ ಮಾಡುತ್ತಿದ್ದೆ. ಪಾತ್ರ ಕೊಟ್ಟರೆ ಮೊದಲು ಕೇಳುತ್ತಿದ್ದೆ, 'ಇವನು ಯಾವ ಕಡೆ ಕಿವಿ ಕೊಟ್ಟು ನಿಲ್ತಾನೆ?' ಎಂದು. ನಾನು ಬೈಯುತ್ತಿದ್ದೆ. ಕಿವಿ ಬೇಡ, ಘೋಷಣೆ ಗಟ್ಟಿಯಾಗಿ ಹೇಳು ಎನ್ನುತ್ತಿದ್ದೆ.

ಆರನೆಯ ಡಿಸ್ಕಿನಲ್ಲಿ ಅವನು ಬಂದರಿನ ಕೂಲಿಯವರ ನಡುವೆ ಇದ್ದು, ಕಂಪನಿಗೆ ಸುದ್ದಿ ಮುಟ್ಟಿಸುವ ಚಾಡಿಕೋರ. ಎಷ್ಟು ಚೆನ್ನಾಗಿ ಮಾಡಿದ್ದಾನೆಂದರೆ, ನಾನು ಡಿಸ್ಕ್ ತೆಗೆದು ಮೂಲೆಗೆ ಎಸೆದೆ. ಆಮೇಲೆ ಅಲ್ಲೇ ಕೂತುಬಿಟ್ಟೆ.

ನಿನಗೆ ಗೊತ್ತಿರುವುದನ್ನೇ ಈಗ ಮತ್ತೆ ಬರೆಯುತ್ತೇನೆ. ಯಾಕೆಂದು ಕೊನೆಗೆ ತಿಳಿಯುತ್ತದೆ. ದೋಣಿಗಲ್ಲಿನ ಆ ಕಾಫಿ ಎಸ್ಟೇಟಿನವರು, ಕೂಲಿಯವರ ಲೈನುಮನೆಗಳ ಮಕ್ಕಳು ಶಾಲೆಗೆ ಹೋಗುವ ಕಾಲುದಾರಿಗೆ ಗೇಟು ಹಾಕಿ ಬೀಗ ಜಡಿದಿದ್ದರು. ಮಕ್ಕಳು ಲಾರಿ ಓಡಾಡುವ ಹೆದ್ದಾರಿ ಸುತ್ತಿ ಹೋಗಬೇಕಿತ್ತು. 2003ರ ಡಿಸೆಂಬರ್ ಹದಿನೈದು, ಸೋಮವಾರ. ಹಣ್ಣು ಕೊಯ್ಲು ಜೋರಾಗಿದ್ದ ಹೊತ್ತು. ಬೆಳಿಗ್ಗೆ ಹಾಜರಿಗೆ ನಿಂತು, ಬೀಗ ತೆಗೆಯುವ ತನಕ ಬುಟ್ಟಿ ಮುಟ್ಟುವುದಿಲ್ಲ ಎನ್ನಬೇಕೆಂದು ತೀರ್ಮಾನವಾಯಿತು. ಗೊತ್ತಿದ್ದವರು ನೀನೂ ನಾನೂ ಸೇರಿ ಐದೇ ಜನ. ಕಾಗದದ ಮೇಲೆ ಒಂದಕ್ಷರ ಬರೆಯಬಾರದು, ಬಾಯಿಂದ ಬಾಯಿಗೇ ಹೋಗಬೇಕು ಎಂದು ಲಕ್ಕಯ್ಯ ಐವರಿಂದಲೂ ದೀಪ ಮುಟ್ಟಿಸಿ ಆಣೆ ಹಾಕಿಸಿದ. ಸೋಮವಾರ ಹೋಗಿ ನೋಡಿದರೆ ಹೊರಗಿನ ಆಳುಗಳು ಮೂರು ಲಾರಿಯಲ್ಲಿ ಬಂದಿಳಿದಿದ್ದರು. ಸಂಜೆಯೊಳಗೆ ಲಕ್ಕಯ್ಯನ ಪಾತ್ರೆ ಪಡಗ ಲೈನಿನಿಂದ ಹೊರಗೆ ಬಿತ್ತು. ಇಪ್ಪತ್ತಾರು ವರ್ಷ ಇದ್ದ ಮನೆ.

ಅದಕ್ಕೆ ಹದಿನೈದು ದಿನ ಮೊದಲು ಅದೇ ಲೈನಿನಲ್ಲಿ ನಮ್ಮ ನಾಟಕ ಆಗಿತ್ತು. ನೀನು ಚಾಡಿಕೋರನಾಗಿದ್ದೆ. ನೀನು ಧಣಿಯ ಕಿವಿಗೆ ಬಾಗಿದಾಗ ಹೆಂಗಸರು ಮಣ್ಣು ತೂರಿ ಶಾಪ ಹಾಕಿದ್ದರು. ಈಗ ಎಲ್ಲರೂ ನಿನ್ನ ಕಡೆ ತಿರುಗಿದರು. ಲಕ್ಕಯ್ಯ ನನ್ನನ್ನು ಕೇಳಿದ. ನಾನು ಹೇಳಿದ ಮಾತು ಇದು: "ಇಷ್ಟು ಚೆನ್ನಾಗಿ ಆಡೋನು ಒಳಗೂ ಹಂಗೇ ಇರ್ಬೇಕು." ಮುಂದಿನದು ನಿನ್ನ ಎಡಹುಬ್ಬಿನ ಮೇಲೆ ಬರೆದಿದೆ. ನೀನು ನೀರು ಕುಡಿದಿದ್ದ ಲೋಟವನ್ನು ಈರಮ್ಮ ಹಿತ್ತಲಿಗೆ ಎಸೆದಳು. ಕಲ್ಲಿಗಿಂತ ಅದೇ ನಿನಗೆ ಜಾಸ್ತಿ ತಾಗಿತು ಎಂದು ನಾನು ಬಲ್ಲೆ.

ಹೋದ ಭಾನುವಾರ ಪ್ಲೇಯರ್ ಹೊತ್ತುಕೊಂಡು ಪಾಳ್ಯಕ್ಕೆ ಹೋದೆ. ಲಕ್ಕಯ್ಯ ಈಗ ಹೆಂಡತಿ ಈರಮ್ಮನ ಜೊತೆ ಅಲ್ಲೇ ಇದ್ದಾನೆ, ಭಾವಮೈದುನನ ರಾಗಿ ಹೊಲ ನೋಡಿಕೊಂಡು. ಮೊದಲು ಚಾಡಿಕೋರನ ಚಿತ್ರ ಹಾಕಿದೆ. ಮಾತು ಬಂದಾಗಲೆಲ್ಲ ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಈರಮ್ಮ ಅವನನ್ನು ಕಂಡ ಕೂಡಲೇ, "ಈ ಗಿಡ್ಡಯ್ಯ ನೆಟ್ಟಗಿಲ್ಲ ಕಣೋ. ನಿಮ್ಮ ಯೋಗಾನಂದನ ಥರಾನೇ. ನಗ್ತಾನೆ, ಹೊಟ್ಟೇಲಿ ವಿಷ ಐತೆ" ಎಂದಳು. ಅಲ್ಲಿಂದ ಅವನ ಹೆಸರು ಗಿಡ್ಡಯ್ಯ ಎಂದೇ ಆಯಿತು. ಅವನು ಕೂಲಿಯವರ ಜೊತೆ ಸಿಗರೇಟು ಹಂಚಿಕೊಂಡಾಗ ಲಕ್ಕಯ್ಯ, "ಸೇದ್ಬೇಡ್ರೋ ಅದನ್ನ" ಎಂದು ಟಿ.ವಿ.ಗೇ ಹೇಳಿದ.

ಅದು ಮುಗಿದ ಮೇಲೆ ಏನೂ ಹೇಳದೆ ಮೀನಿನವನ ಚಿತ್ರ ಹಾಕಿದೆ. ಗಡ್ಡ ಇತ್ತು, ಕೂದಲು ನೆರೆತಿತ್ತು, ಇಬ್ಬರೂ ಗುರುತಿಸಲಿಲ್ಲ. ಎರಡನೆಯ ದಿನ ಅವನು ಚಪ್ಪಲಿ ತೊಳೆದಿಟ್ಟಾಗ ಈರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಮುಂದಕ್ಕೆ ಬಾಗಿದಳು.

"ಇವ್ನು ಅವ್ನೇ ಅಲ್ವೇನೋ?"

"ಯಾರು?"

"ಗಿಡ್ಡಯ್ಯ. ಆಗ್ಲೇ ಬೈದ್ನಲ್ಲ ನಾನು ಅವನ್ನ."

"ಅವನೇ ಈರಮ್ಮ."

"ಮತ್ತೆ ಯಾವುದು ನಿಜ? ಆ ಕಳ್ಳನೋ ಈ ಅಪ್ಪನೋ?"

"ಎರಡೂ ಅಲ್ಲ. ಅವನು ಕೆಲಸಗಾರ. ನೀವು ಹಣ್ಣು ಕೊಯ್ದ ಹಾಗೆ ಅವನು ಮನುಷ್ಯರನ್ನು ಮಾಡ್ತಾನೆ."

ಇದು ಕರಪತ್ರದ ಮಾತಿನ ಹಾಗಿತ್ತು, ಆದರೂ ಅವಳಿಗೆ ಮುಟ್ಟಿತು. ಪರದೆಯ ಮೇಲೆ ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಲಕ್ಕಯ್ಯ ಚಿತ್ರ ನೋಡುವುದನ್ನು ಬಿಟ್ಟು ನನ್ನ ಕಡೆ ತಿರುಗಿ ಕೂತಿದ್ದ.

"ಅವತ್ತು ನೀನೇ ಅಲ್ವೇನೋ ಮಾರಾಯ ಅಂದಿದ್ದು, ಚೆನ್ನಾಗಿ ಆಡೋನು ಒಳಗೂ ಹಂಗೇ ಇರ್ತಾನೆ ಅಂತ?"

"ಹೌದು."

"ಓದ್ದೋನು ಹೇಳ್ದ ಅಂತ ಕಲ್ಲು ಎತ್ತಿದೆ ನಾನು."

ನಾನು ಪ್ಲೇಯರ್ ನಿಲ್ಲಿಸಿದೆ.

"ಆ ಹುಡುಗ ಅಲ್ಲ ಅಂದ್ಮೇಲೆ ಹೇಳ್ದೋನು ಯಾರು?"

ತಂತಿ ಕಿತ್ತು ಪ್ಲೇಯರ್ ಚೀಲಕ್ಕೆ ಹಾಕಿದೆ. ಬಸ್ಸಿಗೆ ಹೊತ್ತಾಯಿತು ಎಂದೆ. ಅವನು ಅಂಗಳದವರೆಗೂ ಬಂದ. ಮೂರು ವರ್ಷದಲ್ಲಿ ಅವನು ತೀರಾ ಇಳಿದುಹೋಗಿದ್ದಾನೆ. "ಮುಂದಿನ ಭಾನುವಾರ ಬಿಸಿಲೆಗೆ ಹೋಗಿ ಅವನ ಕಾಲು ಹಿಡೀತೀನಿ. ಜೊತೆಗೆ ನೀನೂ ಬರ್ಬೇಕು" ಎಂದ. ಈರಮ್ಮ ಒಳಗಿನಿಂದ, "ಹೊಸ ಲೋಟ ಒಂದು ತಗೊಂಡು ಹೋಗಾನ" ಎಂದಳು. ಅವಳ ಚೀಲದಲ್ಲಿ ಅದಿರುತ್ತದೆ. ಕೊಟ್ಟರೆ ಬೇಡ ಅನ್ನಬೇಡ.

ನಿನ್ನ ಮೇಲೆ ನಾನು ಬಿಟ್ಟ ಆ ಒಂದು ಮಾತಿಗೆ ಕ್ಷಮೆ ಕೇಳಲು ನನಗೆ ಬಾಯಿಲ್ಲ. ಕ್ಷಮಿಸಬೇಡ ಎಂದೇ ಹೇಳುತ್ತೇನೆ. ಆದರೆ ಮತ್ತೆ ಆಡು, ಯೋಗಾನಂದ. ನಿನ್ನಂಥವನು ಜೀಪಿನ ಕನ್ನಡಿಯಲ್ಲಿ ಪ್ರವಾಸಿಗರ ಮುಖ ನೋಡಿಕೊಂಡು ಸುಮ್ಮನಿರುವುದು ಅನ್ಯಾಯ. ಹನ್ನೊಂದು ಡಿಸ್ಕನ್ನೂ ಈ ಕಾಗದದ ಜೊತೆ ಕಳಿಸಿದ್ದೇನೆ. ಅವನನ್ನು ನೋಡು. ಅವನ ಹೆಸರು ಎಂದಾದರೂ ನಿನಗೆ ತಿಳಿದರೆ ನನಗೂ ಹೇಳು.

ಚಿನ್ನಮ್ಮನವರಿಗೆ ನನ್ನ ನಮಸ್ಕಾರ. ನೀನು ಹೋದ ದಾರಿಯಲ್ಲೆಲ್ಲ ಗೇಟು ತೆರೆದಿರಲಿ. ತಣ್ಣಗಿರು.

ನಿನ್ನ,
ನಟರಾಜ

ತಾ.ಕ.: ಸುದ್ದಿ ಹೋದದ್ದು ನನ್ನಿಂದ. ಕಾಗದ ಬೇಡ ಎಂದು ದೀಪ ಮುಟ್ಟಿದ ಮೂರನೆಯ ದಿನ, ಶುಕ್ರವಾರ, ನಾನು ಒಂದು ಕರಪತ್ರ ಬರೆದು ಅಚ್ಚಿಗೆ ಕೊಟ್ಟೆ, ತಾರೀಖು ಸಮೇತ. ನನ್ನ ಮಾತನ್ನು ಅಚ್ಚಿನಲ್ಲಿ ನೋಡುವ ಆಸೆ, ಬೇರೇನೂ ಅಲ್ಲ. ಎಸ್ಟೇಟಿನ ಹಾಜರಿ ಪುಸ್ತಕಗಳೂ ಅದೇ ಪ್ರೆಸ್ಸಿನಲ್ಲಿ ಅಚ್ಚಾಗುತ್ತವೆ ಎಂದು ಗೊತ್ತಿದ್ದೂ ಕೊಟ್ಟೆ. ಮೊದಲ ಹಾಳೆ ಮೇಜಿನ ಮೇಲೆ ಒಣಗುತ್ತಿದ್ದಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪುಸ್ತಕ ಒಯ್ಯಲು ಬಂದ. ಓದಿದ. "ಏನಪ್ಪಾ, ಸೋಮವಾರ ನಾಟಕವಾ?" ಎಂದು ನಕ್ಕು ಹೋದ. ಶನಿವಾರ, ಭಾನುವಾರ, ಎರಡು ದಿನ ನನ್ನ ಕೈಯಲ್ಲಿತ್ತು. ಹೇಳಲಿಲ್ಲ. ಸೋಮವಾರ ಲಕ್ಕಯ್ಯ ಕೇಳಿದಾಗ ನಿನ್ನನ್ನು ತೋರಿಸಿದೆ.

ಪಾಳ್ಯದ ಅಂಗಳದಲ್ಲಿ ಇದನ್ನು ಹೇಳಲು ಮೂರು ಸಲ ಬಾಯಿ ತೆರೆದೆ, ಆಗಲಿಲ್ಲ. ಅವರಿಬ್ಬರಿಗೂ ಓದು ಬಾರದು. ಆದ್ದರಿಂದ ಈಗ ಮೊದಲ ಸಾಲಿನಿಂದ ಇದನ್ನು ಗಟ್ಟಿಯಾಗಿ ಅವರಿಗೆ ಓದಿ ಹೇಳು. 'ನಾನು' ಎಂದು ಬರೆದಲ್ಲೆಲ್ಲ 'ನಾನು' ಎಂದೇ ಓದು. ನಿನಗೆ ಕೊನೆಯ ಪಾತ್ರ ಕೊಟ್ಟವನೂ ನಾನೇ, ಇದನ್ನು ಕೊಡುತ್ತಿರುವವನೂ ನಾನೇ. ಒಂದನ್ನೂ ಮೆದುಮಾಡದೆ ಆಡು.

ನೀನು ಇದನ್ನು ಓದುವ ಹೊತ್ತಿಗೆ ನಾನೂ ಅವರ ಜೊತೆ ಅದೇ ಬಸ್ಸಿನಲ್ಲಿ ಬಂದಿರುತ್ತೇನೆ. ನೀವು ಮೊದಲು ಹೋಗಿ ಎಂದು ಕಳಿಸಿ, ಬಸ್ಸು ನಿಲ್ಲುವ ಕಡೆ ಕೂತಿರುತ್ತೇನೆ. ತಿರುಗಿ ಹೋಗುವ ಬಸ್ಸು ಹತ್ತುವುದಿಲ್ಲ. ಓದಿ ಮುಗಿದ ಮೇಲೆ ಲಕ್ಕಯ್ಯ ಎದ್ದು ಇತ್ತ ಬಂದರೆ ತಡೆಯಬೇಡ.