ಡಿ ಡ್ರೈವ್‌ನಲ್ಲಿರೋ ಸೀರೆಗಳು

೧೨ ಮಾರ್ಚ್, ಬುಧವಾರ. ದೊಡ್ಡಬಳ್ಳಾಪುರ.

ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಲ್ಲಿ, ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಅನ್ನೋ ಇನ್ನೊಂದು ಸಿಸ್ಟಮ್‌ಗೆ ಜಾಗ ಬಿಡಿಸೋಕೆ ಕೊಟ್ಟು ಒಂದು ಗಂಟೆ ಆಯ್ತು, ಇನ್ನೂ ನಲವತ್ತೊಂದು ಪರ್ಸೆಂಟಲ್ಲೇ ಇದೆ. ಈಗ ನಿಲ್ಸೋ ಹಾಗಿಲ್ಲ. ಕರೆಂಟ್ ಹೋದ್ರೆ ಡಿಸ್ಕಲ್ಲಿರೋದೆಲ್ಲ ಹೋಗುತ್ತೆ. ಈ ಹಾಳು ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಯ್ತು.

ಸೀರೆ ಡಿಸೈನ್ ಮಾಡೋ ಸಾಫ್ಟ್‌ವೇರ್ ವಿಂಡೋಸಲ್ಲಿ ಮಾತ್ರ ನಡೆಯುತ್ತೆ, ನನ್ನ ಕೋರ್ಸಿಗೆ ಲಿನಕ್ಸೇ ಬೇಕು. ಎರಡೂ ಇರ್ಲಿ ಅಂತ ಹೊರಟವಳು ನಾನೇ.

ಫ್ಯೂಸ್ ಹೋಗ್ಬಾರ್ದು ಅಂತ ಮಾವ ನಾಲ್ಕೂ ಕರೆಂಟ್ ಮಗ್ಗ ನಿಲ್ಸಿ, ಹೊರಗೆ ಮೀಟರ್ ಬೋರ್ಡ್ ಕೆಳಗೆ ಕುರ್ಚಿ ಹಾಕ್ಕೊಂಡು ಕೂತಿದಾರೆ. ಮದುವೆಯಾಗಿ ಬಂದಾಗಿಂದ ಈ ಮನೆ ಇಷ್ಟು ಸುಮ್ಮನಿದ್ದದ್ದು ನಾನು ಕಂಡಿಲ್ಲ.

ಮೂವತ್ತು ವರ್ಷ ಅವರು ಗ್ರಾಫ್ ಹಾಳೇಲಿ ಬರೆದ ಅಂಚು, ಸೆರಗು ಎಲ್ಲಾನೂ ಸ್ಕ್ಯಾನ್ ಮಾಡಿ ಇದೇ ಡಿಸ್ಕಿನ ಡಿ ಡ್ರೈವಿಗೆ ಹಾಕಿದ್ದು ನಾನು. ಗೆದ್ದಲು ಹಿಡೀತು ಅಂತ ಆ ಹಾಳೆಗಳನ್ನ ಸುಟ್ಟಿದ್ದೂ ನಾನೇ.

"ಶಶಿ, ಇನ್ನೊಂದು ಕಾಪಿ ಇಟ್ಟಿದೀಯ ಅಲ್ವೇನಮ್ಮ?" ಅಂತ ಅಲ್ಲಿಂದಲೇ ಕೇಳಿದ್ರು.

"ಇದೆ ಮಾವ" ಅಂದೆ. ಅಂದಾಗ ನಿಜ ಅಂತಾನೇ ಅನ್ಕೊಂಡಿದ್ದೆ. ಆಮೇಲೆ ನೆನಪಾಯ್ತು, ಆ ಕಾಪಿ ಇಟ್ಟಿದ್ದೂ ಇದೇ ಡಿಸ್ಕಲ್ಲಿ. ಇನ್ನೂ ಎದ್ದು ಹೋಗಿ ಹೇಳಿಲ್ಲ.

ನಲವತ್ತೆರಡು. ಈ ಸೆಕೇಲಿ ಮಾವ ಕುರ್ಚಿ ಪಕ್ಕ ಇಟ್ಕೊಂಡಿದ್ದ ಟೇಬಲ್ ಫ್ಯಾನನ್ನೂ ಆರಿಸಿಬಿಟ್ರು.